ಪಾದ್ರಿಯಮ್ಮನ ನಗು

“ಮುದುಕ ಪಾದ್ರಿ ಇದ್ದಾಗ ಭಾನುವಾರ ಬೆಂಚುಗಳು ಖಾಲಿ ಹೊಡೀತಿದ್ವು. ಈಗ ನೋಡಿ, ನಮ್ಮ ಹಿರಿಯ ನಾವಿಕ ಇಸೋವಾನೂ ತಲೆಗೆ ಕೊಬ್ಬರಿ ಎಣ್ಣೆ ಹಚ್ಕೊಂಡು ಪ್ರಾರ್ಥನೆಗೆ ಬರ್ತಾನೆ,” ಎಂದರು ಕಪ್ತಾನ ತೆವಿತಾ, ಮೀನಿನ ಮುಳ್ಳು ಬಿಡಿಸುತ್ತ. “ಭಕ್ತಿ ದೇವರ ಮೇಲೋ, ಪಾದ್ರಿಯಮ್ಮನ ಮೇಲೋ, ಯಾರಿಗೆ ಗೊತ್ತು.”

ಮೇಜಿನ ಸುತ್ತ ಅಧಿಕಾರಿಗಳೆಲ್ಲ ನಕ್ಕರು. ಮೆರೆವಲೇಸಿಯೂ ನಕ್ಕಳು, ಎಲ್ಲರಿಗಿಂತ ತುಸು ಜೋರಾಗಿಯೇ. ಸುವಾ ಬಂದರಿನಿಂದ ಹೊರಟ ಈ ಗಸ್ತು ಹಡಗಿಗೆ ಬಂದ ಮೊದಲ ಹೆಣ್ಣು ಪಾದ್ರಿ ಅವಳು. ತಮಾಷೆಗೆ ನಗದವರನ್ನು ಇಲ್ಲಿ ಯಾರೂ ಮಾತಿಗೆ ಕರೆಯುವುದಿಲ್ಲವೆಂದು ಬಂದ ವಾರವೇ ತಿಳಿದುಕೊಂಡಿದ್ದಳು.

ಆದರೆ ಊಟದ ಹೊತ್ತಿಗೆ ಹೇಳಲೇಬೇಕೆಂದು ಬಂದಿದ್ದ ಮಾತು ಇದೇ ಇಸೋವಾನದು. ಹೆಂಗಸರ ಸ್ನಾನದ ಮನೆಯ ಬಾಗಿಲಿಗೆ ಬಂದು ನಿಲ್ಲುತ್ತಾನೆ, ಚಿಲಕ ಅಲ್ಲಾಡಿಸುತ್ತಾನೆ ಎಂದು ಅಡುಗೆ ವಿಭಾಗದ ವಸಿತಿ ಬೆಳಿಗ್ಗೆ ಅವಳ ಮುಂದೆ ಅತ್ತಿದ್ದಳು. “ಇವತ್ತೇ ಕಪ್ತಾನರ ಕಿವಿಗೆ ಹಾಕ್ತೀನಿ ಮಗಳೇ,” ಎಂದು ಮೆರೆವಲೇಸಿ ಮಾತು ಕೊಟ್ಟಿದ್ದಳು. ನಕ್ಕ ಬಾಯಿಂದ ಅದು ಹೊರಡಲಿಲ್ಲ. ತಟ್ಟೆಯಲ್ಲಿದ್ದ ಮರಗೆಣಸನ್ನು ಹೇಗೋ ನುಂಗಿ ಎದ್ದಳು.

ಬಾಗಿಲಾಚೆ ವಸಿತಿ ಎಂಜಲು ತಟ್ಟೆಗಳನ್ನು ಹಿಡಿದು ನಿಂತಿದ್ದಳು.

“ಹೇಳಿದ್ರಾ ಅಮ್ಮ?”

“ಇವತ್ತು ಹೊತ್ತು ಸರಿಯಿರಲಿಲ್ಲ ಕಣಮ್ಮ. ನಾಳೆ...”

“ನಿಮ್ಮ ನಗು ಅಡುಗೆಮನೆವರೆಗೂ ಕೇಳಿಸ್ತು.” ಹುಡುಗಿಯ ದನಿಯಲ್ಲಿ ಸಿಟ್ಟಿರಲಿಲ್ಲ. “ಹೋಗ್ಲಿ ಬಿಡಿ. ಹಳೇ ಪಾದ್ರಿಗಳ ಹತ್ರ ಇಂಥದ್ದನ್ನ ಹೇಳೋಕೆ ನಾಚಿಕೆ ಆಗ್ತಿತ್ತು. ಹೆಂಗಸು ಬರ್ತಾರಂತೆ ಅಂದ್ರು. ಅದಕ್ಕೇ ಕಾದಿದ್ದೆ, ಅಷ್ಟೆ.”

ಮೆರೆವಲೇಸಿಯ ಮುಖಕ್ಕೆ ಕೆಂಡ ಹಿಡಿದಂತಾಯಿತು. ಆ ಹುಡುಗಿಯ ಕಣ್ಣಿಗೆ ಕಣ್ಣು ಕೊಡಲಾಗದೆ ತಿರುಗಿ ಒಳಗೆ ನಡೆದಳು. ಯಾರೂ ಇನ್ನೂ ಎದ್ದಿರಲಿಲ್ಲ.

“ಕಪ್ತಾನರೇ,” ಎಂದಳು, ಅಂದುಕೊಂಡದ್ದಕ್ಕಿಂತ ದನಿ ಏರಿತು. “ಇಸೋವಾ ಪ್ರಾರ್ಥನೆಗೆ ಮಾತ್ರ ಬರಲ್ಲ. ಹೆಂಗಸರ ಸ್ನಾನದ ಮನೆ ಬಾಗಿಲಿಗೂ ಬಂದು ನಿಲ್ತಾನೆ.”

ತೆವಿತಾ ಮೇಜು ಬಡಿದರು.

“ಅಂತೂ ನಮ್ಮ ಪಾದ್ರಿಯಮ್ಮನೂ ತಮಾಷೆ ಮಾಡೋದು ಕಲಿತ್ರು ನೋಡಿ.”

ಎಲ್ಲರೂ ಗೊಳ್ಳೆಂದು ನಕ್ಕರು. ಇಷ್ಟು ದಿನ ಅವಳನ್ನು ಮೇಜಿನ ಕೊನೆಗೆ ಕೂರಿಸುತ್ತಿದ್ದವರು, ಅತ್ತಿತ್ತ ಸರಿದು, ತಮ್ಮ ನಡುವೆ ಅವಳಿಗೆ ಜಾಗ ಮಾಡಿಕೊಟ್ಟರು.