ಏಳನೇ ಸ್ಟೆಪ್

ಕಂಪನಿಯ ಸಾಫ್ಟ್‌ವೇರಿಗೊಂದು ದೊಡ್ಡ ಕೈಪಿಡಿ ಇತ್ತು. ಅದನ್ನು ತಿದ್ದುವವರು ಯಾರೇ ಆಗಲಿ, ಮೊದಲು ತಮ್ಮ ಲ್ಯಾಪ್‌ಟಾಪಿನಲ್ಲಿ ಇಡೀ ಕೈಪಿಡಿಯನ್ನು ಬಿಲ್ಡ್ ಮಾಡಿ, ಅಂದರೆ ಬಿಡಿ ಫೈಲುಗಳನ್ನೆಲ್ಲ ಜೋಡಿಸಿ, ನೋಡಬೇಕೆಂಬುದು ನಿಯಮ. ಹೇಗೆ ಮಾಡಬೇಕೆಂದು ಹಿರಿಯರಾದ ಗುರುಪಾದಯ್ಯನವರು ಹನ್ನೆರಡು ಸ್ಟೆಪ್‌ಗಳಲ್ಲಿ ಬರೆದಿಟ್ಟಿದ್ದರು. ಕೆಲಸಕ್ಕೆ ಸೇರಿ ಮೂರು ದಿನವಾದ ಶಾಂಭವಿ ಏಳನೆಯದರಲ್ಲಿ ಸಿಕ್ಕಿಬಿದ್ದಿದ್ದಳು. ಎಷ್ಟು ಸಲ ಮಾಡಿದರೂ ಪರದೆ ತುಂಬ ತಪ್ಪು ತೋರಿಸುವ ಕೆಂಪು ಅಕ್ಷರ.

ಆ ಹನ್ನೆರಡು ಸ್ಟೆಪ್‌ಗಳ ಕೊನೆಯಲ್ಲಿ ಅವಳಿಗಿಂತ ಮುಂಚೆ ಸೇರಿದ ಹದಿನಾಲ್ಕು ಜನರ ಹೆಸರಿತ್ತು. ಪ್ರತಿ ಹೆಸರಿನ ಮುಂದೆ ‘ಆಯಿತು’ ಎಂದಿತ್ತು. ಇಷ್ಟು ಜನರಿಗೆ ಆದದ್ದು ತನಗೊಬ್ಬಳಿಗೇ ಯಾಕೆ ಆಗುತ್ತಿಲ್ಲ? ಕೂತಲ್ಲಿ ಕೂರಲಾರದೆ ಎರಡು ಸಲ ಎದ್ದು ಹೋಗಿ ನೀರು ಕುಡಿದು ಬಂದಳು.

“ಇನ್ನೂ ಆಗಿಲ್ವಾ?” ಮ್ಯಾನೇಜರ್ ಮತ್ತೆ ಬಂದು ನಿಂತರು. “ಎಲ್ಲರಿಗೂ ಅರ್ಧ ದಿನದ ಕೆಲಸ ಅದು. ಸಂಜೆಯೊಳಗೆ ಆಗದಿದ್ರೆ ನಿಮ್ಮನ್ನ ಈ ಟೀಮಲ್ಲಿ ಇಟ್ಕೊಳ್ಳೋದು ಕಷ್ಟ.”

ತಾನೂ ‘ಆಯಿತು’ ಎಂದು ಬರೆದುಬಿಡಲೇ ಎನಿಸಿತು. ಮನಸ್ಸು ಒಪ್ಪಲಿಲ್ಲ. ಲ್ಯಾಪ್‌ಟಾಪನ್ನು ಎತ್ತಿಕೊಂಡು ನೇರ ಗುರುಪಾದಯ್ಯನವರ ಮೇಜಿನ ಹತ್ತಿರ ಹೋದಳು.

“ಸರ್, ತಪ್ಪು ತಿಳ್ಕೋಬೇಡಿ. ನನ್ನ ಕೈಲಿ ಏಳನೇ ಸ್ಟೆಪ್ ಆಗ್ತಾನೇ ಇಲ್ಲ.”

ಅವರು ಕನ್ನಡಕ ಸರಿಮಾಡಿಕೊಂಡು ಪರದೆಯನ್ನು ನೋಡಿದರು. ಆಮೇಲೆ ಆಚೀಚೆ ನೋಡಿ, ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು, ದನಿ ತಗ್ಗಿಸಿದರು.

“ಆರನೆಯದನ್ನ ನೀವು ಹೇಗಮ್ಮಾ ದಾಟಿದಿರಿ? ಅಲ್ಲಿಂದ ಮುಂದಿನದೆಲ್ಲ ನಾನು ಅಂದಾಜಿನ ಮೇಲೆ ಬರೆದದ್ದು.”