ಒಂದು ಸೀರೆ, ಎರಡು ಕೈ

ರಾಜಮ್ಮ ಚೀಲದಿಂದ ಕೈಮಗ್ಗದ ಸೀರೆಯೊಂದನ್ನು ತೆಗೆದು ಡಾಕ್ಟರ ಮೇಜಿನ ಮೇಲೆ ಹರಡಿಯೇಬಿಟ್ಟಳು. ಪೆನ್ನು, ಚೀಟಿ ಎಲ್ಲ ಅದರಡಿ ಮುಚ್ಚಿಹೋದವು. ಪಕ್ಕದಲ್ಲಿ ಕುಳಿತಿದ್ದ ಸೊಸೆ ವಿಜಯಕುಮಾರಿಗೆ ಮುಖ ಎಲ್ಲಿಟ್ಟುಕೊಳ್ಳುವುದೋ ತಿಳಿಯಲಿಲ್ಲ.

"ಅತ್ತೆ, ಇದನ್ನ ಯಾಕೆ ತಂದ್ರಿ?"

"ನೀ ಸುಮ್ಕಿರು, ನನ್ನ ಕಣ್ಣು. ಡಾಕ್ಟರಮ್ಮಾ, ಇಲ್ಲಿ ಮುಟ್ಟಿ ನೋಡಿ, ನೇಯ್ಗೆ ಬಿಗಿ. ಇಲ್ಲಿ ನೋಡಿ, ಬೆರಳೇ ತೂರ್ತದೆ. ಎರಡೂ ಇವಳ ಕೈಯೇ!"

ಮೈಸೂರು ಕಡೆಯಿಂದ ಪೊಳ್ಳಾಚಿಗೆ ಬಂದಿದ್ದ ಮನೋವೈದ್ಯೆ ಡಾಕ್ಟರ್ ಜಾಸ್ಮಿನ್ ಸೀರೆಯ ಮೇಲೆ ಬೆರಳಾಡಿಸಿದರು. "ಬಿಗಿ ಇರೋದು ಎಷ್ಟು ದಿನದ ನೇಯ್ಗೆ?"

"ಐದು ದಿನ. ನಿದ್ದೆ ಬೇಡ, ಅನ್ನ-ಸೋರು ಬೇಡ, ಬಾಯ್ತುಂಬ ಮಾತು. ಆಮೇಲಿನ ಸಡಿಲ ನೇಯ್ಗೆ ಎರಡು ತಿಂಗಳದ್ದು. ಮುಖ ತೊಳೆಯೋಕೂ ಏಳ್ತಿರಲಿಲ್ಲ."

"ನಾನು ಬರೀ ಮಂಕಿಗೆ ಮಾತ್ರೆ ಕೊಡ್ತಿದ್ದೆ. ಆ ಐದು ದಿನದ ಸಂಗತಿ ಇಷ್ಟು ದಿನ ಯಾಕೆ ಹೇಳಲಿಲ್ಲ?"

"ಕೈ ಚುರುಕಾಯ್ತು ಅಂತ ಯಾರಾದ್ರೂ ಆಸ್ಪತ್ರೆಗೆ ಬರ್ತಾರಾ? ನಮ್ಮೂರು ನೆಗಮಂ ಬೀದಿಯೆಲ್ಲ ಹೊಗಳ್ತು. ನಾನೇ ದೃಷ್ಟಿ ತೆಗೆದೆ!"

ಆಗ ಅವಳು ಮನೆ ಬಿಟ್ಟು ಹೋಗಿದ್ದಳೇ, ಇಲ್ಲದ ದನಿ ಕೇಳಿದ್ದಳೇ ಎಂದು ಡಾಕ್ಟರ್ ಕೇಳಿದರು. ಇಬ್ಬರೂ ಇಲ್ಲವೆಂದರು. ವಿಜಿಗೆ ನೆನಪಾದದ್ದು ಅಣ್ಣ ಶಣ್ಮುಗಂ. ಹಿಂದೊಮ್ಮೆ ಅವನು ಕರುಮತ್ತಂಪಟ್ಟಿಯ ಮಗ್ಗಗಳೆಲ್ಲ ತನ್ನವೆಂದು ಹೆದ್ದಾರಿಯಲ್ಲಿ ಲಾರಿಗಳನ್ನು ತಡೆದು ನಿಂತಿದ್ದ. ನಾಲ್ಕು ಜನ ಆಸ್ಪತ್ರೆಗೆ ಹೊತ್ತು ತರಬೇಕಾಯಿತು. ಅವನ ಚೀಟಿಯಲ್ಲಿದ್ದ ಕಾಯಿಲೆಯ ಹೆಸರೇ ತನ್ನದರಲ್ಲೂ ಬಂದರೆ, ವರ್ಷ ತುಂಬದ ಮಗಳನ್ನು ಮಡಿಲಿನಿಂದ ಕಿತ್ತುಕೊಳ್ಳುತ್ತಾರಲ್ಲ!

"ನಂಗೂ ಅಣ್ಣನ ಬೈಪೋಲಾರೇನಾ?"

"ಹೆಸರು ಅದೇ, ಬಗೆ ಬೇರೆ. ಅವರದು ಮೊದಲನೆಯದು. ಮನಸ್ಸು ಏರಿದರೆ ನೆಲವೇ ಕಾಣಿಸದು. ನಿಮ್ಮದು ಎರಡನೆಯದು. ಏರಿದಾಗಲೂ ಮನೆ, ಮಗ್ಗ ಎಲ್ಲ ನೆನಪಿತ್ತು. ಹಾಗಂತ ಹಗುರ ಅಂದ್ಕೋಬೇಡಿ. ಇಳಿದ ಕಾಲ ನಿಮ್ಮನ್ನ ತಿಂಗಳುಗಟ್ಟಲೆ ಹಿಂಡುತ್ತೆ. ಮಾತ್ರೆ ಬದಲಾಯಿಸ್ತೀನಿ, ನಡುವೆ ಬಿಡಬಾರದು."

"ಪಾಪು...?"

"ನಿಮ್ಮ ಹತ್ತಿರವೇ ಇರಲಿ."

"ಮತ್ತೆ?" ರಾಜಮ್ಮ ಸಿಡುಕಿದಳು. "ಆ ಕುರಂಗನ್ನ, ಆ ಕೋತಿಮರಿನ ಹಿಡಿಯೋ ಶಕ್ತಿ ನಂಗೆಲ್ಲಿದೆ?"

ವಿಜಿ ನಕ್ಕಳು, ಅತ್ತಳು, ಮೇಜಿನ ಮೇಲಿನ ಸೀರೆಯ ಸೆರಗಿನಲ್ಲೇ ಮೂಗೊರೆಸಿಕೊಂಡಳು.

ಬಸ್ ನಿಲ್ದಾಣದ ಬೆಂಚಿನಲ್ಲಿ ಕುಳಿತದ್ದೇ ತಡ, ಅವಳ ತಲೆ ಅತ್ತೆಯ ಹೆಗಲಿಗೆ ವಾಲಿತು. ಮಂಪರಿನಲ್ಲಿ ನೆಗಮಂ ಬಸ್ಸು ಬಂದ ಸದ್ದು, "ಏರುಂಗ ಪಾಟಿ!" ಎಂದು ಅಜ್ಜಿಯನ್ನು ಬಸ್ಸು ಹತ್ತಲು ಕರೆಯುವ ಕಂಡಕ್ಟರನ ಕೂಗು. ಅರೆಗಣ್ಣು ತೆರೆದರೆ, ರಾಜಮ್ಮ ತುಟಿಗೆ ಬೆರಳಿಟ್ಟು, ಅಷ್ಟು ದೊಡ್ಡ ಬಸ್ಸನ್ನು ಇನ್ನೊಂದು ಕೈಯಿಂದ ಕೋಳಿ ಓಡಿಸಿದಂತೆ ಮುಂದಕ್ಕೆ ಓಡಿಸುತ್ತಿದ್ದಳು.