ಬಾಗಿಲಲ್ಲಿ ಬೈಗುಳ

"ಲೇ ಮುದುಕಿ, ಆಚೆ ನಡಿ! ನಿಮ್ಮಪ್ಪನ ಮನೇನಾ ಇದು?"

ಕಾವಲುಗಾರ ಕೆಂಪಸಿದ್ದಯ್ಯ ಲಾಠಿಯನ್ನು ನೆಲಕ್ಕೆ ಕುಟ್ಟಿದ. ಮಂಡ್ಯದ ಆ ರೇಷ್ಮೆ ಸೀರೆ ಅಂಗಡಿಯ ಗಾಜಿನ ಬಾಗಿಲು ತೆರೆದಾಗಲೆಲ್ಲ ಏಸಿಯ ತಂಪು ಮೆಟ್ಟಿಲವರೆಗೆ ಬರುತ್ತಿತ್ತು. ಆ ತಂಪಿಗೆ ಮುದುಕಿ ದಿನಾ ಮಧ್ಯಾಹ್ನ ಬಂದು ವಕ್ಕರಿಸುತ್ತಿದ್ದಳು. ಬರಿಗಾಲು, ಕಂಕುಳಲ್ಲೊಂದು ಗಂಟು. ಇವತ್ತಂತೂ ಮದುವೆ ಜವಳಿಗೆ ಬಂದವರ ಹಿಂದೆಯೇ ನುಸುಳಿ ಒಳಗೇ ಬಂದುಬಿಟ್ಟಿದ್ದಳು.

"ವಸಿ ನೀರು ಕೊಡಣ್ಣ," ಎಂದು ಮ್ಯಾನೇಜರ್ ನಾಗರಾಜುವನ್ನು ಕೇಳಿದಳು. "ಬಿಸ್ಲು ಕಣಣ್ಣ, ತಲೆ ಸುತ್ತತಾ ಅದೆ."

ಮದುವೆಯವರಿಗೆ ತಟ್ಟೆಯಲ್ಲಿ ಬಾದಾಮಿ ಹಾಲು ಬರುತ್ತಿತ್ತು. ಇವಳಿಗೆ ಒಂದು ಲೋಟ ನೀರು ಕೊಟ್ಟರೆ ಮಾತ್ರ ಅಂಗಡಿಯ ಮರ್ಯಾದೆ ಹೋಗುತ್ತಿತ್ತಂತೆ! ನಾಗರಾಜು ಬಾಗಿಲ ಕಡೆ ಸನ್ನೆ ಮಾಡಿದ. ಕೆಂಪಸಿದ್ದಯ್ಯ ಅವಳ ರಟ್ಟೆ ಹಿಡಿದು ಮೆಟ್ಟಿಲಿಗೆ ಎಳೆತಂದ.

ನಾಗರಾಜು ಹಿಂದೆಯೇ ಬಂದ. "ಎಲ್ರನ್ನೂ ಅಣ್ಣಾ ಅಣ್ಣಾ ಅಂತ ಗೋಗರೀತಾಳೆ. ನಿನ್ನ ಒಂದ್ಸಲನಾದ್ರೂ ಅಣ್ಣ ಅಂದಿದ್ದಾಳಾ? ನಿನ್ನ ಕಂಡ್ರೆ ಇವಳಿಗೆ ಭಯಾನೇ ಇಲ್ಲ."

ಕೆಂಪಸಿದ್ದಯ್ಯ ಬೆವರು ಒರೆಸಿಕೊಂಡ.

"ಕ್ಯಾಮೆರಾದಲ್ಲಿ ನೋಡ್ದೆ. ನಿನ್ನೆ ಇವಳ ಕೈಗೆ ಏನೋ ಕೊಟ್ಟೆ."

"ಬನ್ನು ಸಾರ್. ಮದ್ಯಾನ ತಿಂದು ಅರ್ಧ ಮಿಕ್ಕಿತ್ತು."

"ಬನ್ನೋ, ಇನ್ನೇನೋ? ಬೆಳಿಗ್ಗೆಯಿಂದ ಒಂದು ಸೀರೆ ಕಾಣ್ತಿಲ್ಲ. ಗಂಟು ಬಿಚ್ಚಿಸು."

ಅರವತ್ತು ದಾಟಿದ ಕೆಂಪಸಿದ್ದಯ್ಯನಿಗೆ ಈ ಕೆಲಸ ಹೋದರೆ ಇನ್ನೊಂದು ಸಿಗುವ ಮಾತಿಲ್ಲ. ನಾಗರಾಜುವಿಗೋ ಕರುಣೆ ಅನ್ನುವುದೇ ಗೊತ್ತಿಲ್ಲ. ಹಿಂದಿನ ಕಾವಲುಗಾರ ಬಸ್ ನಿಲ್ದಾಣದಲ್ಲಿ ಮಲಗುತ್ತಾನೆಂದು ತಿಳಿದ ದಿನವೇ ಅವನನ್ನು ಓಡಿಸಿದ್ದ. ಮನೆಮಠ ಇಲ್ಲದವನನ್ನು ನಂಬಿ ಬಾಗಿಲಲ್ಲಿ ನಿಲ್ಲಿಸೋಕಾಗುತ್ತಾ ಎಂದಿದ್ದ. ಹತ್ತಿರದ ದುದ್ದ ಊರಲ್ಲಿ ಮನೆಯಿದೆ, ದಿನಾ ಬಸ್ಸಲ್ಲಿ ಬಂದುಹೋಗುತ್ತೇನೆ ಎಂದ ಮೇಲೆಯೇ ಕೆಂಪಸಿದ್ದಯ್ಯನನ್ನು ಸೇರಿಸಿಕೊಂಡದ್ದು. ಇವನ ಶಿಸ್ತನ್ನು ಮಾತ್ರ ಎಲ್ಲರ ಮುಂದೆ ಹೊಗಳುತ್ತಿದ್ದ. ಬಸ್ ಮುಷ್ಕರದ ದಿನ ಊರೊಳಗಿನ ಸೇಲ್ಸಿನ ಹುಡುಗಿಯರೇ ತಡವಾಗಿ ಬಂದರೆ, ಇವನು ಬೂಟು ಮಿಂಚಿಸಿಕೊಂಡು ಎಲ್ಲರಿಗಿಂತ ಮೊದಲೇ ನಿಂತಿದ್ದ.

"ಬಿಚ್ಚೇ," ಎಂದ.

ಮುದುಕಿ ಗಂಟನ್ನು ಎದೆಗೆ ಅವಚಿಕೊಂಡು ನಾಗರಾಜುವಿನ ಕಡೆ ತಿರುಗಿದಳು. "ಇದ್ರಲ್ಲಿ ನಿಮ್ ಅಂಗ್ಡೀದು ಏನೂ ಇಲ್ಲ ಕಣಣ್ಣ."

ನಾಗರಾಜು ತಾನೇ ಕಿತ್ತುಕೊಂಡು ಮೆಟ್ಟಿಲ ಮೇಲೆ ಸುರಿದ. ಸೀರೆ ಇರಲಿಲ್ಲ. ನೀಟಾಗಿ ಮಡಚಿದ ಗಂಡಸರ ಅಂಗಿ, ಪಂಚೆ, ಒಂದು ರೇಜರು, ಕರಿ ಪಾಲಿಶ್ ಡಬ್ಬಿ.

"ಬರಿಗಾಲವಳಿಗೆ ಪಾಲಿಶ್ ಯಾಕೆ? ಎಲ್ಲಿ ಕದ್ದೆ ಹೇಳು! ಪೊಲೀಸ್ರನ್ನ ಕರೀಲಾ?"

ಕೆಂಪಸಿದ್ದಯ್ಯ ಬಾಯಿ ತೆರೆದ. ಅಷ್ಟರಲ್ಲಿ ಮುದುಕಿಯೇ ಅಂದಳು: "ಕದ್ದೆ ಕಣಣ್ಣ. ಬಸ್‌ಸ್ಟಾಂಡಲ್ಲಿ. ಯಾರ್ದೋ ಏನೋ. ತಪ್ಪಾಯ್ತು, ಬುಟ್ಬುಡಿ."

ಕೆಂಪಸಿದ್ದಯ್ಯ ಕಾಲಲ್ಲಿ ಆ ಬಟ್ಟೆಗಳನ್ನು ರಸ್ತೆಗೆ ತಳ್ಳಿದ. "ಥೂ, ಕಳ್ಳಿ! ಇನ್ನೊಂದ್ಸಲ ಬಂದ್ರೆ ಕಾಲ್ ಮುರೀತೀನಿ!"

"ಹಿಂಗಿರ್ಬೇಕು," ಎಂದು ನಾಗರಾಜು ಬೆನ್ನು ತಟ್ಟಿದ. ಒಳಗಿನಿಂದ ಸೇಲ್ಸಿನ ಹುಡುಗಿ ಕೂಗಿದಳು: "ಸಾರ್, ಸೀರೆ ಸಿಕ್ತು! ಮದುವೆಯವರ ರಾಶೀಲೇ ಇತ್ತು." ಮುದುಕಿ ಆಗಲೇ ರಸ್ತೆಯಲ್ಲಿ ಕೂತು ಬಟ್ಟೆಯ ದೂಳು ಕೊಡವುತ್ತಿದ್ದಳು. ಅವಳಿಗೆ ಆ ಸುದ್ದಿ ಹೇಳಬೇಕೆಂದು ಯಾರಿಗೂ ಅನ್ನಿಸಲಿಲ್ಲ.

ಸಂಜೆ ಅಂಗಡಿ ಮುಚ್ಚಿದ ಮೇಲೆ ಕೆಂಪಸಿದ್ದಯ್ಯ ಬಸ್ ನಿಲ್ದಾಣಕ್ಕೆ ಬಂದ. ದುದ್ದದ ಬಸ್ಸು ಹೊರಡಲು ಸಿದ್ಧವಾಗಿತ್ತು. ಅವನು ಅದನ್ನು ದಾಟಿ ಕೊನೆಯ ಕಲ್ಲುಬೆಂಚಿಗೆ ಹೋಗಿ ಕುಸಿದು ಕೂತ. ಪಕ್ಕದಲ್ಲೇ ಮುದುಕಿ ಇದ್ದಳು. ಅವನ ತೊಡೆಯ ಮೇಲೆ ಅಂಗಿ, ಪಂಚೆ ಇಟ್ಟಳು. ಅವನ ಬೂಟುಗಳನ್ನು ಬಿಚ್ಚಿ ಮಡಿಲಿಗೆ ಹಾಕಿಕೊಂಡು ಪಾಲಿಶ್ ಡಬ್ಬಿ ತೆರೆದಳು. ಅವನು ಮುಖ ಮುಚ್ಚಿಕೊಂಡು ಬಿಕ್ಕುತ್ತಿದ್ದ.

"ಅಳ್ಬ್ಯಾಡ ಸುಮ್ಕಿರಯ್ಯ," ಎಂದಳು ಅವನ ಹೆಂಡತಿ ದೇವಿರಮ್ಮ. "ಆ ಮ್ಯಾನೇಜರ್ ವಯ್ಯಂಗೆ ಅನುಮಾನ ಬಂದದೆ. ನಾಳೆ ಇನ್ನೂ ವಸಿ ಜೋರಾಗಿ ಬಯ್ಯಿ."